ಹೊಸ ಸಾಂಕ್ರಾಮಿಕ ರೋಗ ಎಷ್ಟು ಗಂಭೀರ? 2009ರ ಎಚ್1ಎನ್1 ಇನ್‌ಫ್ಲುಯೆಂಜಾ ಕುರಿತ ಭಿನ್ನಾಭಿಪ್ರಾಯಗಳು

ಹೊಸದೊಂದು ಸಾಂಕ್ರಾಮಿಕ ರೋಗವು ಕಾಣಿಸಿಕೊಂಡಾಗಲೆಲ್ಲ ಸಾರ್ವಜನಿಕರಲ್ಲಿ ಎರಡು ಬಗೆಯ ಅಭಿಪ್ರಾಯಗಳು ಬಹುಮಟ್ಟಿಗೆ ಒಂದೇ ವಾರದಲ್ಲಿ ಹುಟ್ಟಿಕೊಳ್ಳುತ್ತವೆ. ಇದು ಮಾರಣಾಂತಿಕ ರೋಗ, ನಿಜಸಂಗತಿಯನ್ನು ಮುಚ್ಚಿಡಲಾಗುತ್ತಿದೆ ಎಂಬುದು ಒಂದು. ಇದು ಪ್ರತಿವರ್ಷ ಬಂದುಹೋಗುವ ನೆಗಡಿ ಜ್ವರವೇ, ಪತ್ರಿಕೆಗಳೂ ಔಷಧ ಕಂಪನಿಗಳೂ ಸೇರಿ ಗುಲ್ಲೆಬ್ಬಿಸಿವೆ ಎಂಬುದು ಇನ್ನೊಂದು. ಆಸ್ಪತ್ರೆಯ ಹೊರರೋಗಿ ವಿಭಾಗದ ಸಾಲಿನಲ್ಲಿ ನಿಂತವರ ನಡುವೆಯೂ, ಒಂದೇ ಮನೆಯ ಸದಸ್ಯರ ನಡುವೆಯೂ ಈ ಎರಡು ಮಾತುಗಳು ಕೇಳಿಬರುವುದುಂಟು. 2009ರಲ್ಲಿ ಹರಡಿದ ಎಚ್1ಎನ್1 ಇನ್‌ಫ್ಲುಯೆಂಜಾ, ಅಂದರೆ ಜನರು "ಹಂದಿ ಜ್ವರ" ಎಂದು ಕರೆದ ರೋಗವು ಇದಕ್ಕೆ ಸ್ಪಷ್ಟವಾದ ನಿದರ್ಶನ. ಆ ಸಂದರ್ಭದಲ್ಲಿ ಯಾರ ಅಭಿಪ್ರಾಯ ಎಷ್ಟರಮಟ್ಟಿಗೆ ಸರಿಯಾಗಿತ್ತು ಎಂಬುದನ್ನು ನಂತರ ಲಭ್ಯವಾದ ಅಂಕಿಅಂಶಗಳ ಆಧಾರದ ಮೇಲೆ ಇಲ್ಲಿ ವಿವರಿಸಲಾಗಿದೆ.

ಜ್ವರ ಬಂದಾಗ ಯಾರು ಮನೆಯಲ್ಲಿಯೇ ಇರಬಹುದು, ಯಾರು ತಡಮಾಡದೆ ಆಸ್ಪತ್ರೆಗೆ ಬರಬೇಕು ಎಂಬ ಮಾಹಿತಿಯನ್ನು ಲೇಖನದ ಕೊನೆಯ ಭಾಗದಲ್ಲಿ ನೀಡಲಾಗಿದೆ. ಮನೆಯಲ್ಲಿ ರೋಗಿಯು ಈಗಾಗಲೇ ಉಸಿರಾಟದ ತೊಂದರೆ ಅನುಭವಿಸುತ್ತಿದ್ದಲ್ಲಿ ಓದುವುದನ್ನು ಇಲ್ಲಿಗೇ ನಿಲ್ಲಿಸಿ 108 ಆಂಬ್ಯುಲೆನ್ಸ್ ಸೇವೆಗೆ ಕರೆ ಮಾಡತಕ್ಕದ್ದು.

ರೋಗ ಕಾಣಿಸಿಕೊಂಡ ಬಗೆ

2009ರ ಏಪ್ರಿಲ್ ತಿಂಗಳಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನದ ಕ್ಯಾಲಿಫೋರ್ನಿಯಾದ ಇಬ್ಬರು ಮಕ್ಕಳಲ್ಲಿ ಅದುವರೆಗೆ ಮನುಷ್ಯರಲ್ಲಿ ಕಂಡಿರದ ಇನ್‌ಫ್ಲುಯೆಂಜಾ ವೈರಸ್ ಪತ್ತೆಯಾಯಿತು. ಇಬ್ಬರೂ ಗುಣಮುಖರಾದರು. ಅದೇ ವೇಳೆಗೆ ನೆರೆಯ ಮೆಕ್ಸಿಕೋ ದೇಶದಲ್ಲಿ ಆರೋಗ್ಯವಂತರಾಗಿದ್ದ ಯುವಜನರು ತೀವ್ರ ನ್ಯುಮೋನಿಯಾದಿಂದ ಆಸ್ಪತ್ರೆ ಸೇರಿ ಸಾಯುತ್ತಿದ್ದರು. ಎರಡೂ ಕಡೆ ಇದ್ದುದು ಒಂದೇ ವೈರಸ್ ಎಂಬುದು ಕೆಲವೇ ದಿನಗಳಲ್ಲಿ ಖಚಿತವಾಯಿತು. ಒಂದೇ ರೋಗ ಒಂದು ದೇಶದಲ್ಲಿ ಸೌಮ್ಯವಾಗಿಯೂ ಪಕ್ಕದ ದೇಶದಲ್ಲಿ ಭೀಕರವಾಗಿಯೂ ಕಂಡದ್ದರಿಂದ, ಅಭಿಪ್ರಾಯಭೇದವು ಮೊದಲ ವಾರದಲ್ಲಿಯೇ ಆರಂಭವಾಯಿತೆನ್ನಬಹುದು.

ಈ ವೈರಸ್ಸಿನ ವಂಶವಾಹಿಗಳು ಹಂದಿಗಳಲ್ಲಿ ಸಂಚರಿಸುತ್ತಿದ್ದ ವೈರಸ್‌ಗಳಿಂದ ಬಂದವುಗಳಾದ ಕಾರಣ "ಹಂದಿ ಜ್ವರ" ಎಂಬ ಹೆಸರು ಬಂತು. ಹೆಸರಿನಿಂದಾದ ಹಾನಿ ಅಲ್ಪವಲ್ಲ. ರೋಗವು ಹಂದಿ ಮಾಂಸದಿಂದ ಹರಡುವುದಿಲ್ಲ. ಮನುಷ್ಯನಿಂದ ಮನುಷ್ಯನಿಗೆ ಕೆಮ್ಮು, ಸೀನು, ಕೈಗಳ ಮೂಲಕ ಹರಡುತ್ತದೆ. ಆದರೂ ಈಜಿಪ್ಟ್ ದೇಶವು ತನ್ನಲ್ಲಿ ಒಬ್ಬ ರೋಗಿಯೂ ಇಲ್ಲದಿದ್ದಾಗ ಸುಮಾರು 3 ಲಕ್ಷ ಹಂದಿಗಳನ್ನು ಕೊಲ್ಲಲು ಆದೇಶಿಸಿತು. ವಿಶ್ವ ಆರೋಗ್ಯ ಸಂಸ್ಥೆಯು ಏಪ್ರಿಲ್ ತಿಂಗಳ ಕೊನೆಯಲ್ಲಿ ಆ ಹೆಸರಿನ ಬಳಕೆಯನ್ನು ಕೈಬಿಟ್ಟಿತಾದರೂ ಜನರ ಬಾಯಲ್ಲಿ ಅದೇ ಉಳಿದಿದೆ.

ವಿಶ್ವ ಆರೋಗ್ಯ ಸಂಸ್ಥೆಯು 2009ರ ಏಪ್ರಿಲ್ 25ರಂದು ಅಂತರರಾಷ್ಟ್ರೀಯ ಆರೋಗ್ಯ ತುರ್ತುಸ್ಥಿತಿಯನ್ನೂ, ಜೂನ್ 11ರಂದು ಜಾಗತಿಕ ಮಹಾಪಿಡುಗನ್ನೂ ಘೋಷಿಸಿತು. ಈ ಎರಡನೆಯ ಘೋಷಣೆಯು ಬಹಳ ಗೊಂದಲಕ್ಕೆ ಎಡೆಮಾಡಿತು. ಮಹಾಪಿಡುಗು ಎಂಬ ಪದವನ್ನು ಕೇಳಿದ ಸಾಮಾನ್ಯ ಜನರು ಅದನ್ನು ಮಹಾಮಾರಿ ಎಂದೇ ಅರ್ಥಮಾಡಿಕೊಂಡರು. ಆದರೆ ಆ ಘೋಷಣೆಯು ವೈರಸ್ ಎಷ್ಟು ದೇಶಗಳಲ್ಲಿ, ಎಷ್ಟು ಸಲೀಸಾಗಿ ಹರಡುತ್ತಿದೆ ಎಂಬುದಕ್ಕೆ ಸಂಬಂಧಿಸಿದ್ದು. ರೋಗದ ತೀವ್ರತೆಯು ಮಧ್ಯಮ ಪ್ರಮಾಣದ್ದೆಂದು ಸಂಸ್ಥೆಯು ಅದೇ ದಿನ ಹೇಳಿತ್ತು; ಆ ಮಾತು ಅಷ್ಟಾಗಿ ಯಾರ ಕಿವಿಗೂ ಬೀಳಲಿಲ್ಲ. ಸಂಸ್ಥೆಯ ಅಂತರ್ಜಾಲ ಪುಟದಲ್ಲಿದ್ದ ಮಹಾಪಿಡುಗಿನ ವಿವರಣೆಯಿಂದ ಅಪಾರ ಸಾವುನೋವಿನ ಉಲ್ಲೇಖವನ್ನು 2009ರ ಮೇ ತಿಂಗಳಲ್ಲಿ ತೆಗೆದುಹಾಕಿದ್ದು ಸಂಶಯಕ್ಕೆ ಮತ್ತಷ್ಟು ಪುಷ್ಟಿ ನೀಡಿತು. ವಿವರಣೆಯನ್ನು ಮೊದಲೇ ಸರಿಪಡಿಸಿಕೊಂಡಿದ್ದರೆ ಆ ಮಾತಿಗೆ ಆಸ್ಪದವಿರುತ್ತಿರಲಿಲ್ಲ.

ಭಾರತದಲ್ಲಿ ಮೊದಲ ಪ್ರಕರಣವು 2009ರ ಮೇ ತಿಂಗಳಲ್ಲಿ ಹೈದರಾಬಾದಿನಲ್ಲಿ, ಅಮೆರಿಕದಿಂದ ಬಂದಿಳಿದ ಪ್ರಯಾಣಿಕರೊಬ್ಬರಲ್ಲಿ ದೃಢಪಟ್ಟಿತು.

2009ರ ಆಗಸ್ಟ್: ಪುಣೆ ಮತ್ತು ಬೆಂಗಳೂರು

ಜುಲೈ ಅಂತ್ಯದವರೆಗೆ ದೇಶದಲ್ಲಿ ನೂರಾರು ಪ್ರಕರಣಗಳು ದೃಢಪಟ್ಟಿದ್ದರೂ ಒಂದು ಸಾವೂ ವರದಿಯಾಗಿರಲಿಲ್ಲ. ವಿಮಾನದಲ್ಲಿ ಬರುವವರ ಕಾಯಿಲೆ, ಬಂದು ಹೋಗುವ ಜ್ವರ ಎಂಬ ಭಾವನೆ ವ್ಯಾಪಕವಾಗಿತ್ತು. ಆಗಸ್ಟ್ 3ರಂದು ಪುಣೆಯಲ್ಲಿ ಶಾಲಾ ವಿದ್ಯಾರ್ಥಿನಿಯೊಬ್ಬರು ಮೃತಪಟ್ಟ ಬಳಿಕ ಜನಾಭಿಪ್ರಾಯವು ಒಂದೆರಡು ದಿನಗಳಲ್ಲಿ ತಲೆಕೆಳಗಾಯಿತು. ಪುಣೆಯಲ್ಲಿ ಶಾಲಾ ಕಾಲೇಜುಗಳನ್ನೂ ಚಿತ್ರಮಂದಿರಗಳನ್ನೂ ಮುಚ್ಚಲಾಯಿತು. ಅಲ್ಲಿನ ನಾಯ್ಡು ಸಾಂಕ್ರಾಮಿಕ ರೋಗ ಆಸ್ಪತ್ರೆಯ ಮುಂದೆ ಪರೀಕ್ಷೆಗಾಗಿ ಉದ್ದನೆಯ ಸಾಲುಗಳು ನಿಂತವು. ಮುಖಗವಸುಗಳ ಬೆಲೆ ಏರಿತು, ಅದು ಸಿಗದವರು ಕರವಸ್ತ್ರ ಕಟ್ಟಿಕೊಂಡರು. 1897ರ ಸಾಂಕ್ರಾಮಿಕ ರೋಗಗಳ ಅಧಿನಿಯಮದಡಿ ದೊರೆತ ಅಧಿಕಾರವನ್ನು ಬಳಸಿ ನಗರದ ಆಸ್ಪತ್ರೆಗಳಲ್ಲಿ ತಪಾಸಣಾ ಕೇಂದ್ರಗಳನ್ನು ತೆರೆಯಲಾಯಿತು.

ಕರ್ನಾಟಕದ ಮೊದಲ ಸಾವು ಅದೇ ಆಗಸ್ಟ್ ತಿಂಗಳಲ್ಲಿ ಬೆಂಗಳೂರಿನಲ್ಲಿ ವರದಿಯಾಯಿತು. ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆಯಲ್ಲಿ ಚಿಕಿತ್ಸೆಗೂ, ನಿಮ್ಹಾನ್ಸ್ ಸಂಸ್ಥೆಯಲ್ಲಿ ಮಾದರಿಗಳ ಪರೀಕ್ಷೆಗೂ ವ್ಯವಸ್ಥೆ ಮಾಡಲಾಗಿತ್ತು. ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಆ ವಾರಗಳಲ್ಲಿ ಪರೀಕ್ಷೆಗೆ ಬಂದವರಲ್ಲಿ ಅನೇಕರು ಸಾಧಾರಣ ನೆಗಡಿಯವರು. ಸಾಲಿನಲ್ಲಿ ಗಂಟೆಗಟ್ಟಲೆ ನಿಂತ ಸೌಮ್ಯ ಜ್ವರದವರು, ನಿಜವಾಗಿ ತುರ್ತು ಇದ್ದವರ ದಾರಿಗೆ ಅಡ್ಡವಾದರು. ಸೋಂಕಿಲ್ಲದವರು ಸೋಂಕಿದ್ದವರ ಪಕ್ಕದಲ್ಲಿ ನಿಂತರು. ಇನ್ನೊಂದೆಡೆ, ಇದೆಲ್ಲ ಅತಿರೇಕವೆಂದು ತಿಳಿದ ಕೆಲವರು ಐದಾರು ದಿನ ಮನೆಯಲ್ಲಿಯೇ ಕಳೆದು, ಶ್ವಾಸಕೋಶಗಳು ತುಂಬಿಕೊಂಡ ಮೇಲೆ ಆಸ್ಪತ್ರೆಗೆ ಬಂದರು. ಎರಡು ಅಭಿಪ್ರಾಯಗಳಿಗೂ ಅದರದರ ಬೆಲೆ ತೆರಬೇಕಾಯಿತು. ಎರಡನೆಯದರ ಬೆಲೆ ಹೆಚ್ಚಿನದಾಗಿತ್ತು.

ಆರಂಭದಲ್ಲಿ ತೀವ್ರತೆಯನ್ನು ಅಳೆಯುವುದು ಏಕೆ ಕಷ್ಟ?

ರೋಗವೊಂದರ ಮಾರಕತೆಯನ್ನು ತಿಳಿಯಲು ಸತ್ತವರ ಸಂಖ್ಯೆಯನ್ನು ಸೋಂಕಿತರ ಸಂಖ್ಯೆಯಿಂದ ಭಾಗಿಸಬೇಕು. ಲೆಕ್ಕ ಸುಲಭ, ಆದರೆ ಮೊದಲ ವಾರಗಳಲ್ಲಿ ಎರಡು ಸಂಖ್ಯೆಗಳೂ ಯಾರ ಕೈಯಲ್ಲಿಯೂ ಇರುವುದಿಲ್ಲ. ಮೆಕ್ಸಿಕೋದಲ್ಲಿ ಮೊದಲು ಲೆಕ್ಕಕ್ಕೆ ಸಿಕ್ಕವರು ಆಸ್ಪತ್ರೆ ಸೇರಿದವರು ಮಾತ್ರ. ಉದಾಹರಣೆಗೆ, ಒಂದು ಊರಿನಲ್ಲಿ ಆಸ್ಪತ್ರೆ ಸೇರಿದ 100 ಜನರಲ್ಲಿ 5 ಮಂದಿ ಸತ್ತರೆಂದು ಭಾವಿಸೋಣ. ಅಷ್ಟನ್ನೇ ನೋಡಿದವರಿಗೆ ಮಾರಕತೆ ಶೇಕಡಾ 5. ಅದೇ ಊರಿನಲ್ಲಿ 20,000 ಜನರಿಗೆ ಜ್ವರ ಬಂದು, ಕಷಾಯ ಕುಡಿದು, ಯಾವ ದಾಖಲೆಯೂ ಇಲ್ಲದೆ ಗುಣಮುಖರಾಗಿದ್ದರೆ ನಿಜವಾದ ಮಾರಕತೆ 4,000ಕ್ಕೆ ಒಂದು. ಮೊದಲ ತಿಂಗಳಲ್ಲಿ ಜಗತ್ತಿಗೆ ಕಂಡದ್ದು ಆಸ್ಪತ್ರೆಯ ಒಳಗಿನ ನೂರು ಜನ.

ಬ್ರಿಟನ್ ದೇಶದ ಉದಾಹರಣೆಯನ್ನು ನೋಡಬಹುದು. 2009ರ ಜುಲೈನಲ್ಲಿ ಅಲ್ಲಿನ ಅಧಿಕಾರಿಗಳು ಸಿದ್ಧತೆಗಾಗಿ ಊಹಿಸಿಕೊಂಡ ಅತ್ಯಂತ ಕೆಟ್ಟ ಪರಿಸ್ಥಿತಿಯಲ್ಲಿ 65,000 ಸಾವುಗಳಿದ್ದವು. ಕೊನೆಗೆ ದಾಖಲಾದದ್ದು 457. ಇಂಗ್ಲೆಂಡಿನಲ್ಲಿ ರೋಗ ಬಂದ ಪ್ರತಿ ಒಂದು ಲಕ್ಷ ಜನರಲ್ಲಿ ಸುಮಾರು 26 ಮಂದಿ ಮೃತಪಟ್ಟರೆಂದು ಆ ವರ್ಷದ ಕೊನೆಗೆ ಅಂದಾಜು ಮಾಡಲಾಯಿತು. ಕೆಟ್ಟ ಪರಿಸ್ಥಿತಿಯ ಊಹೆಯು ಹಾಸಿಗೆ, ಔಷಧ, ಸಿಬ್ಬಂದಿಯನ್ನು ಅಣಿಗೊಳಿಸಲು ಬೇಕಾದ ಸಾಧನ. ಅದು ಪತ್ರಿಕೆಯ ಮುಖಪುಟದಲ್ಲಿ ಅಚ್ಚಾದಾಗ ಭವಿಷ್ಯವಾಣಿಯಂತೆ ಓದಿಸಿಕೊಳ್ಳುತ್ತದೆ, ಮತ್ತು ಅದು ನಿಜವಾಗದಿದ್ದಾಗ ಇಲಾಖೆಗಳ ಮೇಲಿನ ನಂಬಿಕೆ ಸಡಿಲಗೊಳ್ಳುತ್ತದೆ.

ಇದಕ್ಕೆ ವಿರುದ್ಧವಾದ ತಪ್ಪೂ ಅಷ್ಟೇ ಸಾಮಾನ್ಯ. ಜಗತ್ತಿನಾದ್ಯಂತ ಪ್ರಯೋಗಾಲಯದಲ್ಲಿ ದೃಢಪಟ್ಟ ಸಾವುಗಳ ಸಂಖ್ಯೆ 2010ರ ಆಗಸ್ಟ್ ವೇಳೆಗೆ 18,000ಕ್ಕಿಂತ ಸ್ವಲ್ಪ ಹೆಚ್ಚಾಗಿತ್ತು. ಇಡೀ ಜಗತ್ತಿಗೆ ಇಷ್ಟೇನೇ ಎಂದು ಅನೇಕರು ಕೇಳಿದರು. ಪರೀಕ್ಷೆಯೇ ಆಗದೆ ಸತ್ತವರು ಆ ಸಂಖ್ಯೆಯಲ್ಲಿಲ್ಲ. 2012ರಲ್ಲಿ ಪ್ರಕಟವಾದ ಅಧ್ಯಯನವು ಮೊದಲ ಒಂದು ವರ್ಷದ ಸಾವುಗಳನ್ನು 1,51,700ರಿಂದ 5,75,400ರವರೆಗೆ ಅಂದಾಜಿಸಿತು. ಇವುಗಳಲ್ಲಿ ಅರ್ಧದಷ್ಟು ಆಫ್ರಿಕಾ ಮತ್ತು ಆಗ್ನೇಯ ಏಷ್ಯಾದಲ್ಲಿ ಆಗಿರಬಹುದೆಂದು ಅದೇ ಅಧ್ಯಯನ ಹೇಳುತ್ತದೆ. ಅಂದರೆ ಪ್ರಯೋಗಾಲಯಗಳು ದೂರವಿರುವಲ್ಲಿ ರೋಗವು ಸೌಮ್ಯವಾಗಿ ಕಂಡಿತು, ಅಷ್ಟೇ.

ಹಳೆಯ ನೆನಪುಗಳು

ಹೊಸ ರೋಗದ ಬಗ್ಗೆ ಮಾಹಿತಿ ಇಲ್ಲದಿರುವಾಗ ಜನರು, ಜನರಷ್ಟೇ ಏಕೆ ತಜ್ಞರೂ ಸಹ, ಹಿಂದಿನ ರೋಗದ ನೆನಪಿನಿಂದ ಅಳೆಯುತ್ತಾರೆ. ತಜ್ಞರ ನೆನಪಿನಲ್ಲಿದ್ದುದು 1918. ಆ ವರ್ಷದ ಜೂನ್‌ನಲ್ಲಿ ಮುಂಬೈಗೆ ಬಂದ ಇನ್‌ಫ್ಲುಯೆಂಜಾ ಸಾಧಾರಣವಾಗಿತ್ತು. ಮಳೆಗಾಲ ಮುಗಿಯುವ ವೇಳೆಗೆ ಮರಳಿ ಬಂದ ಎರಡನೆಯ ಅಲೆಯು ಭಾರತದಲ್ಲಿ ಒಂದು ಕೋಟಿಗೂ ಮೀರಿದ ಜನರನ್ನು ಬಲಿತೆಗೆದುಕೊಂಡಿತೆಂದು ಇತಿಹಾಸಕಾರರು ಅಂದಾಜಿಸುತ್ತಾರೆ. ಅದೂ ಎಚ್1ಎನ್1 ವರ್ಗದ ವೈರಸ್ಸೇ. 2009ರ ಬೇಸಿಗೆಯ ಸೌಮ್ಯ ಅಲೆಯನ್ನು ಕಂಡು ತಜ್ಞರು ನಿಶ್ಚಿಂತರಾಗದಿರಲು ಈ ನೆನಪು ಕಾರಣವಾಗಿತ್ತು.

ಅಮೆರಿಕದವರಿಗೆ ಇದಕ್ಕೆ ವಿರುದ್ಧವಾದ ನೆನಪೊಂದಿತ್ತು. 1976ರಲ್ಲಿ ಅಲ್ಲಿನ ಸೇನಾ ಶಿಬಿರವೊಂದರಲ್ಲಿ ಹಂದಿ ಮೂಲದ ಇನ್‌ಫ್ಲುಯೆಂಜಾ ಕಾಣಿಸಿಕೊಂಡು ಒಬ್ಬ ಸೈನಿಕ ಮೃತಪಟ್ಟಿದ್ದ. 1918 ಮರುಕಳಿಸುತ್ತದೆಂದು ಭಾವಿಸಿ 4 ಕೋಟಿಗೂ ಹೆಚ್ಚು ಜನರಿಗೆ ಲಸಿಕೆ ಹಾಕಲಾಯಿತು. ರೋಗವು ಶಿಬಿರದಿಂದಾಚೆಗೆ ಹರಡಲೇ ಇಲ್ಲ. ಲಸಿಕೆ ಪಡೆದ ಕೆಲವರಲ್ಲಿ ನರಗಳ ದೌರ್ಬಲ್ಯ ಉಂಟುಮಾಡುವ ಗಿಯಾನ್ ಬಾರೆ ಕಾಯಿಲೆ ಕಂಡುಬಂದು ಡಿಸೆಂಬರ್‌ನಲ್ಲಿ ಕಾರ್ಯಕ್ರಮವನ್ನೇ ನಿಲ್ಲಿಸಬೇಕಾಯಿತು.

ಕರ್ನಾಟಕದ ಜನರಿಗೆ ಹತ್ತಿರದ ನೆನಪೆಂದರೆ 2006ರ ಚಿಕೂನ್‌ಗುನ್ಯ. ಆ ವರ್ಷ ದೇಶದಲ್ಲಿ ವರದಿಯಾದ ಸುಮಾರು 13 ಲಕ್ಷ 90 ಸಾವಿರ ಶಂಕಿತ ಪ್ರಕರಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕರ್ನಾಟಕದವು. ಸಾವಿಲ್ಲದ ರೋಗವೆಂದು ಆಗ ಹೇಳಲಾಗುತ್ತಿತ್ತು. ಕೀಲುಗಳು ಬಿಗಿದುಕೊಂಡು ತಿಂಗಳುಗಟ್ಟಲೆ ಗದ್ದೆಗೆ ಇಳಿಯಲಾಗದ, ಕೂಲಿಗೆ ಹೋಗಲಾಗದ ಕುಟುಂಬಗಳಿಗೆ "ಗಂಭೀರವಲ್ಲ" ಎಂಬ ಪದ ಹೇಗೆ ಕೇಳಿಸಿರಬಹುದೆಂಬುದನ್ನು ಊಹಿಸಬಹುದು. ಸಾವಿನ ಲೆಕ್ಕವೊಂದೇ ತೀವ್ರತೆಯ ಅಳತೆಗೋಲಾದರೆ ಇಂತಹ ನಷ್ಟ ಯಾವ ಕೋಷ್ಟಕದಲ್ಲಿಯೂ ಕಾಣುವುದಿಲ್ಲ. ಮೂರೇ ವರ್ಷಗಳ ನಂತರ ಎಚ್1ಎನ್1 ಬಂದಾಗ ಅಧಿಕೃತ ಹೇಳಿಕೆಗಳನ್ನು ಜನರು ಅರೆಮನಸ್ಸಿನಿಂದ ಕೇಳಿದ್ದರೆ ಅದರಲ್ಲಿ ಅಚ್ಚರಿಯಿಲ್ಲ.

ಯಾರಿಗೆ ಗಂಭೀರ?

ಈ ರೋಗದ ಕುರಿತ ವಾದವಿವಾದದಲ್ಲಿ ಹೆಚ್ಚು ಮರೆಯಾದ ಪ್ರಶ್ನೆ ಇದು. ಸೌಮ್ಯವೆಂದವರು ಸರಾಸರಿಯ ಮಾತನಾಡುತ್ತಿದ್ದರು. ಅವರ ಮಾತು ಸುಳ್ಳಾಗಿರಲಿಲ್ಲ. ಬಹುಪಾಲು ರೋಗಿಗಳು ಒಂದು ವಾರದಲ್ಲಿ ತಾವಾಗಿಯೇ ಗುಣಮುಖರಾದರು. ಒಟ್ಟು ಸಾವುಗಳೂ ಪ್ರತಿವರ್ಷದ ಇನ್‌ಫ್ಲುಯೆಂಜಾದಿಂದ ಆಗುವ ಸಾವುಗಳಿಗಿಂತ ಬಹಳ ಹೆಚ್ಚೇನೂ ಆಗಿರಲಿಲ್ಲ. ವಾರ್ಷಿಕ ಇನ್‌ಫ್ಲುಯೆಂಜಾದ ಶ್ವಾಸಕೋಶ ಸಂಬಂಧಿ ಸಾವುಗಳೇ ಜಗತ್ತಿನಲ್ಲಿ 2.9 ಲಕ್ಷದಿಂದ 6.5 ಲಕ್ಷದವರೆಗೆ ಇರುತ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ.

ಆದರೆ ಸತ್ತವರು ಯಾರು ಎಂದು ನೋಡಿದರೆ ಚಿತ್ರ ಬದಲಾಗುತ್ತದೆ. ವಾರ್ಷಿಕ ಇನ್‌ಫ್ಲುಯೆಂಜಾದಲ್ಲಿ ಸಾಯುವವರು ಹೆಚ್ಚಾಗಿ ವಯೋವೃದ್ಧರು. 2009ರ ವೈರಸ್ಸಿನಿಂದ ಸತ್ತವರಲ್ಲಿ ಸುಮಾರು ಶೇಕಡಾ 80ರಷ್ಟು ಮಂದಿ 65 ವರ್ಷಕ್ಕಿಂತ ಕಡಿಮೆ ವಯಸ್ಸಿನವರು. ಮನೆಯಲ್ಲಿ ದುಡಿಯುವವರು, ಚಿಕ್ಕ ಮಕ್ಕಳ ತಾಯಂದಿರು, ಶಾಲೆಗೆ ಹೋಗುವ ಮಕ್ಕಳು ಇದರಲ್ಲಿದ್ದರು. ಸಾವಿನ ಸಂಖ್ಯೆ ಒಂದೇ ಇದ್ದರೂ ಕಳೆದುಹೋದ ಬದುಕಿನ ವರ್ಷಗಳನ್ನು ಲೆಕ್ಕ ಹಾಕಿದಾಗ ನಷ್ಟವು ಹಲವು ಪಟ್ಟು ಹೆಚ್ಚು.

ವೃದ್ಧರು ಪಾರಾದದ್ದಕ್ಕೆ ಕಾರಣವೂ ಕುತೂಹಲಕರವಾದುದು. 1918ರ ವೈರಸ್ಸಿನ ಸಂತತಿಯು 1957ರವರೆಗೆ ಮನುಷ್ಯರಲ್ಲಿ ಸಂಚರಿಸುತ್ತಿತ್ತು. ಆ ವರ್ಷ ಬೇರೆ ವರ್ಗದ ಇನ್‌ಫ್ಲುಯೆಂಜಾ ವೈರಸ್ ಬಂದು ಅದರ ಸ್ಥಾನವನ್ನು ಆಕ್ರಮಿಸಿತು. 1957ಕ್ಕಿಂತ ಮೊದಲು ಹುಟ್ಟಿದವರಲ್ಲಿ ಅನೇಕರ ದೇಹವು ಬಾಲ್ಯದಲ್ಲಿಯೇ ಆ ಹಳೆಯ ವೈರಸ್ಸಿನ ಪರಿಚಯ ಮಾಡಿಕೊಂಡಿತ್ತು. 2009ರ ವೈರಸ್ ಅದಕ್ಕೆ ತಕ್ಕಮಟ್ಟಿಗೆ ಹೋಲುತ್ತಿದ್ದುದರಿಂದ ಅಜ್ಜ ಅಜ್ಜಿಯರಿಗೆ ಅರ್ಧ ಶತಮಾನದ ಹಿಂದಿನ ರೋಗನಿರೋಧಕ ಶಕ್ತಿ ನೆರವಿಗೆ ಬಂತು, ಮೊಮ್ಮಕ್ಕಳಿಗೆ ಅದು ಇರಲಿಲ್ಲ. ಆದಾಗ್ಯೂ ಸೋಂಕು ತಗುಲಿದ ವೃದ್ಧರಲ್ಲಿ ಅಪಾಯ ಹೆಚ್ಚೇ ಇತ್ತು. ಅವರಿಗೆ ತಗುಲಿದ್ದು ಕಡಿಮೆ ಎಂದಷ್ಟೇ ಇದರ ಅರ್ಥ.

ಗರ್ಭಿಣಿಯರ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ಅಮೆರಿಕದಲ್ಲಿ ಯಾವುದೇ ಸಮಯದಲ್ಲಿ ಗರ್ಭಿಣಿಯರು ಒಟ್ಟು ಜನಸಂಖ್ಯೆಯ ಸುಮಾರು ಶೇಕಡಾ 1ರಷ್ಟಿರುತ್ತಾರೆ. ಎಚ್1ಎನ್1ನಿಂದ ಅಲ್ಲಿ ವರದಿಯಾದ ಸಾವುಗಳಲ್ಲಿ ಅವರ ಪಾಲು ಸುಮಾರು ಶೇಕಡಾ 5. ಬಸುರಿನಲ್ಲಿ ಔಷಧ ತೆಗೆದುಕೊಳ್ಳಬಾರದೆಂಬ ಹಿರಿಯರ ಎಚ್ಚರಿಕೆ ಸದುದ್ದೇಶದ್ದೇ. ಈ ರೋಗದಲ್ಲಿ ಮಾತ್ರ ಆ ಎಚ್ಚರಿಕೆಯಿಂದ ಚಿಕಿತ್ಸೆ ತಡವಾಗಿ ತಾಯಿ ಮಗು ಇಬ್ಬರಿಗೂ ಅಪಾಯ ಒದಗಬಹುದು. ಗರ್ಭಿಣಿಗೆ ಜ್ವರದೊಂದಿಗೆ ಕೆಮ್ಮು ಅಥವಾ ಗಂಟಲು ನೋವಿದ್ದಲ್ಲಿ, ಅದು ಎಷ್ಟೇ ಸೌಮ್ಯವಾಗಿ ಕಂಡರೂ ಅದೇ ದಿನ ವೈದ್ಯರಿಗೆ ತೋರಿಸತಕ್ಕದ್ದು.

ಔಷಧ ಕಂಪನಿಗಳ ಲಾಭದ ಪ್ರಶ್ನೆ

2010ರಲ್ಲಿ ಯುರೋಪ್ ಮಂಡಳಿಯ ಸಂಸದೀಯ ಸಭೆಯು ಈ ಮಹಾಪಿಡುಗಿನ ನಿರ್ವಹಣೆಯ ಬಗ್ಗೆ ವಿಚಾರಣೆ ನಡೆಸಿ, ನಿರ್ಧಾರಗಳು ಪಾರದರ್ಶಕವಾಗಿರಲಿಲ್ಲವೆಂದು ಟೀಕಿಸಿತು. ಬಳಕೆಯಾಗದ ಲಸಿಕೆಗಳು ಹಲವು ದೇಶಗಳಲ್ಲಿ ಉಳಿದುಹೋದವು. ಭಾರತದಲ್ಲಿ ತಯಾರಾದ ಲಸಿಕೆಗಳು ಲಭ್ಯವಾದದ್ದು 2010ರ ಜೂನ್ ಮತ್ತು ಜುಲೈನಲ್ಲಿ. ಆಗಸ್ಟ್ 10ರಂದು ವಿಶ್ವ ಆರೋಗ್ಯ ಸಂಸ್ಥೆಯು ಮಹಾಪಿಡುಗು ಮುಗಿಯಿತೆಂದು ಪ್ರಕಟಿಸಿತು. ಇಂತಹ ಸಂಗತಿಗಳನ್ನು ಕಂಡವರಿಗೆ ಸಂಶಯ ಮೂಡುವುದು ಸಹಜ. ವ್ಯಾಪಾರದ ಹಿತಾಸಕ್ತಿ ಇತ್ತೇ ಎಂಬುದೂ ರೋಗ ಇತ್ತೇ ಎಂಬುದೂ ಬೇರೆ ಬೇರೆ ಪ್ರಶ್ನೆಗಳು. ಮೊದಲನೆಯದಕ್ಕೆ ಹೌದೆಂಬ ಉತ್ತರ ಬಂದರೆ ಎರಡನೆಯದಕ್ಕೆ ಇಲ್ಲವೆಂಬ ಉತ್ತರ ತಾನಾಗಿ ಬರುವುದಿಲ್ಲ.

ಒಸೆಲ್ಟಮಿವಿರ್ ಔಷಧದ ಬಗೆಗಿನ ಚರ್ಚೆಯೂ ಇದೇ ಬಗೆಯದು. 2014ರಲ್ಲಿ ಪ್ರಕಟವಾದ ಸಮಗ್ರ ಪರಿಶೀಲನೆಯೊಂದು, ಸಾಧಾರಣ ಇನ್‌ಫ್ಲುಯೆಂಜಾದಲ್ಲಿ ಈ ಔಷಧವು ರೋಗಲಕ್ಷಣಗಳ ಅವಧಿಯನ್ನು ಒಂದು ದಿನಕ್ಕಿಂತ ಕಡಿಮೆ ತಗ್ಗಿಸುತ್ತದೆಂದು ತಿಳಿಸಿತು. ಅದೇ ವರ್ಷ ಪ್ರಕಟವಾದ ಇನ್ನೊಂದು ಅಧ್ಯಯನವು ಎಚ್1ಎನ್1ನಿಂದ ಆಸ್ಪತ್ರೆ ಸೇರಿದ ಸುಮಾರು 29,000 ರೋಗಿಗಳ ದಾಖಲೆಗಳನ್ನು ನೋಡಿತು; ಲಕ್ಷಣ ಕಂಡ 48 ಗಂಟೆಗಳೊಳಗೆ ಔಷಧ ಆರಂಭಿಸಿದವರಲ್ಲಿ ಸಾವಿನ ಸಂಭವವು ತಡವಾಗಿ ಆರಂಭಿಸಿದವರಿಗೆ ಹೋಲಿಸಿದರೆ ಸುಮಾರು ಅರ್ಧದಷ್ಟಿತ್ತು. ಈ ಅಧ್ಯಯನಕ್ಕೆ ಔಷಧ ತಯಾರಕರ ಧನಸಹಾಯವಿತ್ತೆಂಬುದನ್ನೂ ಹೇಳಬೇಕು. ಎರಡನ್ನೂ ಒಟ್ಟಿಗೆ ಓದಿದರೆ, ಸೌಮ್ಯ ಜ್ವರದವರಿಗೆ ಈ ಔಷಧದಿಂದ ಹೆಚ್ಚಿನ ಪ್ರಯೋಜನವಿಲ್ಲ, ಅಪಾಯದ ಅಂಚಿನಲ್ಲಿರುವವರಿಗೆ ಕೊಡುವುದಾದರೆ ಬೇಗನೆ ಕೊಡಬೇಕು ಎಂದು ತಿಳಿಯುತ್ತದೆ.

2009ರಲ್ಲಿ ಈ ಔಷಧವನ್ನು ಮೊದಲಿಗೆ ಸರ್ಕಾರಿ ವ್ಯವಸ್ಥೆಯ ಮೂಲಕವೇ ನೀಡಲಾಗುತ್ತಿತ್ತು. ಅಂಗಡಿಗಳಲ್ಲಿ ಮಾರಾಟಕ್ಕೆ ಸೆಪ್ಟೆಂಬರ್‌ನಲ್ಲಿ ಕಟ್ಟುನಿಟ್ಟಿನ ಷರತ್ತುಗಳೊಂದಿಗೆ ಅನುಮತಿ ದೊರೆಯಿತು. ಔಷಧವನ್ನು ಜನರಿಂದ ಬಚ್ಚಿಡಲಾಗಿದೆ ಎಂಬ ದೂರು ಆಗ ಕೇಳಿಬಂದಿತ್ತು. ಮನೆಮನೆಯಲ್ಲಿ ಸಂಗ್ರಹಿಸಿಟ್ಟರೆ ಬೇಕಾದವರಿಗೆ ಸಿಗುವುದಿಲ್ಲ, ಅರೆಬರೆ ಸೇವಿಸಿದರೆ ವೈರಸ್ ಔಷಧಕ್ಕೆ ಮಣಿಯದಂತಾಗುತ್ತದೆ ಎಂಬುದು ನಿರ್ಬಂಧದ ಕಾರಣ. ನಂತರ 2017ರಲ್ಲಿ ಷರತ್ತುಗಳನ್ನು ಸಡಿಲಿಸಲಾಯಿತು. ವೈದ್ಯರ ಚೀಟಿ ಮಾತ್ರ ಈಗಲೂ ಅಗತ್ಯ.

ಭಯವೂ ಅಂಕಿಅಂಶವೂ

ಭಾರತದಲ್ಲಿ 2009ರಲ್ಲಿ ದೃಢಪಟ್ಟ ಪ್ರಕರಣಗಳು 27,236, ಸಾವುಗಳು 981. 2010ರಲ್ಲಿ ಪ್ರಕರಣಗಳು ಅದಕ್ಕಿಂತ ಕಡಿಮೆ, ಸಾವುಗಳು 1,763. ಜನರ ಆತಂಕ ಕರಗಿದ್ದ ವರ್ಷದಲ್ಲಿಯೇ ಸಾವುಗಳು ಹೆಚ್ಚಾಗಿದ್ದವು. 2015ರಲ್ಲಿ 42,592 ಪ್ರಕರಣಗಳೂ ಸುಮಾರು 2,990 ಸಾವುಗಳೂ ದಾಖಲಾದವು. ಅದು 2009ರ ಮೂರು ಪಟ್ಟು. ಆ ವರ್ಷ ವೈರಸ್ ರೂಪಾಂತರಗೊಂಡು ಹೆಚ್ಚು ಅಪಾಯಕಾರಿಯಾಗಿದೆಯೆಂದು ಅಮೆರಿಕದ ಸಂಶೋಧಕರು ಹೇಳಿದ್ದನ್ನು ಭಾರತದ ಆರೋಗ್ಯ ಸಚಿವಾಲಯ ಒಪ್ಪಲಿಲ್ಲ. ಹೀಗಿದ್ದೂ 2009ರ ಆಗಸ್ಟ್‌ನಂತೆ ಊರಿಗೆ ಊರೇ ಮುಖ ಮುಚ್ಚಿಕೊಂಡ ದೃಶ್ಯ 2015ರಲ್ಲಿ ಕಾಣಲಿಲ್ಲ. ಪರಿಚಿತವಾದ ರೋಗಕ್ಕೆ ಜನರು ಹೆದರುವುದು ಕಡಿಮೆ. 2020ರಲ್ಲಿ ಕೋವಿಡ್ ಬಂದಾಗ, 2009ರಲ್ಲಿಯೂ ಹೀಗೆಯೇ ಹೆದರಿಸಿದ್ದರೆಂದು ಹೇಳಿದವರು ಕಡಿಮೆಯಿರಲಿಲ್ಲ. ಆ ರೋಗ ತೀರ ಬೇರೆಯೇ ಬಗೆಯದೆಂಬುದು ಬಳಿಕ ತಿಳಿಯಿತು.

2009ರ ವೈರಸ್ ಎಲ್ಲಿಗೂ ಹೋಗಿಲ್ಲ. ಅದು ಈಗ ಋತುಮಾನದ ಇನ್‌ಫ್ಲುಯೆಂಜಾ ವೈರಸ್‌ಗಳಲ್ಲಿ ಒಂದಾಗಿ ಸಂಚರಿಸುತ್ತಿದ್ದು, ಮಳೆಗಾಲದಲ್ಲಿಯೂ ಚಳಿಗಾಲದಲ್ಲಿಯೂ ಕಾಣಿಸಿಕೊಳ್ಳುತ್ತದೆ.

ಜ್ವರ ಬಂದಾಗ: ಎ, ಬಿ, ಸಿ ವರ್ಗೀಕರಣ

ರೋಗವು ಎಲ್ಲರಿಗೂ ಒಂದೇ ಪ್ರಮಾಣದಲ್ಲಿ ಗಂಭೀರವಲ್ಲದ ಕಾರಣ, ಕೇಂದ್ರ ಆರೋಗ್ಯ ಸಚಿವಾಲಯವು ರೋಗಿಗಳನ್ನು ಮೂರು ವರ್ಗಗಳಾಗಿ ವಿಂಗಡಿಸುವ ಮಾರ್ಗಸೂಚಿಯನ್ನು 2009ರಲ್ಲಿ ಹೊರಡಿಸಿತು. ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡದೆ ಕಳುಹಿಸಿದರು ಎಂಬ ದೂರು ಬಹುತೇಕ ಈ ವಿಂಗಡಣೆಯ ಅರಿವಿಲ್ಲದಿರುವುದರಿಂದ ಬರುತ್ತದೆ.

ಎ ವರ್ಗದವರಿಗೆ ಸೌಮ್ಯ ಜ್ವರ, ಕೆಮ್ಮು ಅಥವಾ ಗಂಟಲು ನೋವು ಇರುತ್ತದೆ. ಮೈಕೈ ನೋವು, ತಲೆನೋವು, ವಾಂತಿ ಭೇದಿ ಇರಬಹುದು, ಇಲ್ಲದಿರಬಹುದು. ಇವರಿಗೆ ಎಚ್1ಎನ್1 ಪರೀಕ್ಷೆಯೂ ಒಸೆಲ್ಟಮಿವಿರ್ ಔಷಧವೂ ಅಗತ್ಯವಿಲ್ಲ. ಮನೆಯಲ್ಲಿಯೇ ಇದ್ದು ವಿಶ್ರಾಂತಿ ಪಡೆಯಬೇಕು. ಶಾಲೆ, ಕಚೇರಿ, ಸಂತೆ, ಜಾತ್ರೆಗಳಿಗೆ ಹೋಗಬಾರದು. ಮನೆಯ ಗರ್ಭಿಣಿ, ವೃದ್ಧರು, ದೀರ್ಘಕಾಲದ ಕಾಯಿಲೆಯವರಿಂದ ದೂರವಿರಬೇಕು.

ಬಿ ವರ್ಗದಲ್ಲಿ ಎರಡು ಗುಂಪುಗಳಿವೆ. ಮೇಲಿನ ಲಕ್ಷಣಗಳ ಜೊತೆಗೆ ಅಧಿಕ ಜ್ವರ ಮತ್ತು ತೀವ್ರ ಗಂಟಲು ನೋವು ಇರುವವರು ಮೊದಲ ಗುಂಪು. ಇವರಿಗೆ ಔಷಧ ಬೇಕೇ ಎಂಬುದನ್ನು ವೈದ್ಯರು ತೀರ್ಮಾನಿಸುತ್ತಾರೆ. ಎರಡನೆಯ ಗುಂಪಿನವರ ಜ್ವರ ಸೌಮ್ಯವಾಗಿಯೇ ಇರಬಹುದು, ಆದರೆ ಅವರು ಗರ್ಭಿಣಿಯರು, 65 ವರ್ಷ ಮೀರಿದವರು, ಅಪಾಯದ ಅಂಶಗಳಿರುವ ಚಿಕ್ಕ ಮಕ್ಕಳು, ಅಥವಾ ಶ್ವಾಸಕೋಶ, ಹೃದಯ, ಯಕೃತ್ತು, ಮೂತ್ರಪಿಂಡದ ಕಾಯಿಲೆ, ಸಕ್ಕರೆ ಕಾಯಿಲೆ, ಕ್ಯಾನ್ಸರ್, ಎಚ್‌ಐವಿ ಸೋಂಕು ಇರುವವರು ಅಥವಾ ದೀರ್ಘಕಾಲದಿಂದ ಸ್ಟೀರಾಯ್ಡ್ ಸೇವಿಸುತ್ತಿರುವವರು. ಇವರಿಗೆ ಪರೀಕ್ಷಾ ವರದಿಗಾಗಿ ಕಾಯದೆ ಔಷಧ ಆರಂಭಿಸಲಾಗುತ್ತದೆ. ಇಂತಹ ಕಾಯಿಲೆಯಿದ್ದಲ್ಲಿ ಆಸ್ಪತ್ರೆಯಲ್ಲಿ ಕೇಳುವವರೆಗೆ ಕಾಯದೆ ಮೊದಲೇ ತಿಳಿಸುವುದು ಹಾಗೂ ಹಳೆಯ ಚಿಕಿತ್ಸಾ ಚೀಟಿಗಳನ್ನು ಜೊತೆಗೆ ತರುವುದು ಸೂಕ್ತ.

ಸಿ ವರ್ಗದ ಲಕ್ಷಣಗಳೆಂದರೆ ಉಸಿರಾಟದ ತೊಂದರೆ, ಎದೆನೋವು, ಮಂಪರು, ರಕ್ತದೊತ್ತಡ ಕುಸಿತ, ಕಫದಲ್ಲಿ ರಕ್ತ, ಉಗುರು ನೀಲಿಗಟ್ಟುವುದು. ಮಕ್ಕಳಲ್ಲಿ ವಿಪರೀತ ಕಿರಿಕಿರಿ, ಎಬ್ಬಿಸಿದರೂ ಏಳದಷ್ಟು ನಿದ್ದೆ, ಹಾಲು ಆಹಾರ ನಿರಾಕರಿಸುವುದು ಇದೇ ವರ್ಗಕ್ಕೆ ಸೇರುತ್ತವೆ. ಇವರನ್ನು ತಕ್ಷಣವೇ ಆಸ್ಪತ್ರೆಗೆ ದಾಖಲಿಸಬೇಕು; ಪರೀಕ್ಷೆಯೂ ಚಿಕಿತ್ಸೆಯೂ ಒಟ್ಟಿಗೆ ಆರಂಭವಾಗುತ್ತವೆ. ಮೂಲದಾಖಲೆಗಳು ಕೈಯಲ್ಲಿಲ್ಲವೆಂದು ಹೊರಡುವುದನ್ನು ತಡಮಾಡಬಾರದು, ಅವುಗಳನ್ನು ಮನೆಯ ಬೇರೊಬ್ಬರು ನಂತರ ತರಬಹುದು.

ಎ ವರ್ಗದಲ್ಲಿದ್ದವರು ಎ ವರ್ಗದಲ್ಲಿಯೇ ಉಳಿಯುತ್ತಾರೆಂಬ ಖಾತರಿಯಿಲ್ಲ. ಜ್ವರ ಇಳಿದು ಒಂದೆರಡು ದಿನಗಳಲ್ಲಿ ಮತ್ತೆ ಏರಿದರೆ, ಅಥವಾ ಮೆಟ್ಟಿಲು ಹತ್ತುವಾಗ ಮೊದಲಿಲ್ಲದ ಏದುಸಿರು ಕಂಡರೆ ಅದು ಎಚ್ಚರಿಕೆಯ ಚಿಹ್ನೆ. ಮನೆಗೆ ಕಳುಹಿಸಲ್ಪಟ್ಟ ರೋಗಿಯನ್ನು 24ರಿಂದ 48 ಗಂಟೆಗಳೊಳಗೆ ವೈದ್ಯರು ಇನ್ನೊಮ್ಮೆ ನೋಡಬೇಕೆಂದು ಮಾರ್ಗಸೂಚಿ ಹೇಳುತ್ತದೆ. ಮೊದಲ ಭೇಟಿಯ ಚೀಟಿಯಲ್ಲಿ ಮರುಭೇಟಿಯ ದಿನಾಂಕವನ್ನು ಬರೆಸಿಕೊಂಡು ಬರತಕ್ಕದ್ದು.